ದಿನಕ್ಕೆ ನಾಲ್ಕು ಸಾಲು

ಹೊಸ ವರ್ಷದ ಮೊದಲ ವಾರದಲ್ಲಿ ನಮ್ಮ ಊರಿನ ಪುಸ್ತಕದಂಗಡಿಗೆ ಹೋದರೆ ಮುಂಗಟ್ಟಿನಲ್ಲಿ ದಿನಚರಿ ಪುಸ್ತಕಗಳ ರಾಶಿ ಬಿದ್ದಿರುತ್ತದೆ. ಕೆಂಪು ರಟ್ಟಿನವು, ಕರಿಯ ರಟ್ಟಿನವು, ಚಿನ್ನದ ಅಂಚಿನವು. ದಿನಕ್ಕೊಂದು ಪುಟ, ಪುಟದ ನೆತ್ತಿಯಲ್ಲಿ ತಾರೀಖು, ಅದರ ಕೆಳಗೆ ತಿಥಿ ನಕ್ಷತ್ರ. ಯುಗಾದಿಯ ವೇಳೆಗೆ ಅವೇ ಪುಸ್ತಕಗಳು ಅರ್ಧ ಬೆಲೆಗೆ ಇಳಿದು, ಬೇಸಗೆ ಕಳೆಯುವಷ್ಟರಲ್ಲಿ ಕಿರಾಣಿ ಅಂಗಡಿಯ ಸಾಲದ ಪುಸ್ತಕಗಳಾಗಿಬಿಡುತ್ತವೆ. ಜನವರಿಯಲ್ಲಿಯೇ ಮಾರಾಟವಾದವುಗಳ ಗತಿ ಇದಕ್ಕಿಂತ ಬಹಳ ಮೇಲಾದುದೆಂದು ನಾನು ಹೇಳಲಾರೆ. ಅಂಥವನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಒಂದನೆಯ ತಾರೀಖಿನ ಪುಟ ತುಂಬಿ ತುಳುಕಿರುತ್ತದೆ, ಎಂಟರಂದು ಅರ್ಧ ಪುಟ, ಹದಿನೈದರಂದು 'ಸಂಕ್ರಾಂತಿ. ವಿಶೇಷವೇನೂ ಇಲ್ಲ.' ಅಲ್ಲಿಂದಾಚೆಗೆ ಹಾಲಿನ ಲೆಕ್ಕ, ಅಗಸರ ಲೆಕ್ಕ, ಮಕ್ಕಳು ಬರೆದ ಬೆಕ್ಕಿನ ಚಿತ್ರ.

ಇದನ್ನು ನಾನು ಪರಿಹಾಸಕ್ಕಾಗಿ ಹೇಳುತ್ತಿಲ್ಲ. ನನ್ನ ಕಪಾಟಿನಲ್ಲಿಯೂ ಇಂಥ ಅರೆತುಂಬಿದ ಪುಸ್ತಕಗಳು ನಾಲ್ಕಾರು ಇವೆ. ಮೊದಲನೆಯದು ೨೦೦೧ನೆಯ ಇಸವಿಯದು. ಆಗ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಗ್ರಂಥವನ್ನು ಮೊದಲ ಬಾರಿಗೆ ಓದಿದ್ದು ಆ ವರ್ಷವೇ. ತಮ್ಮ ತಾರುಣ್ಯದ ದಿನಗಳನ್ನು ಹೇಳುವಾಗ ಕವಿಗಳು ಹಳೆಯ ದಿನಚರಿಗಳನ್ನು ಎದುರಿಗಿಟ್ಟುಕೊಂಡು ಬರೆದಿರುವುದನ್ನು ಕಂಡ ಹುಡುಗನಿಗೆ, ತಾನೂ ದಿನಚರಿ ಬರೆಯಬೇಕೆಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬರೆದರೆ ತಾನೂ ಕವಿಯಾಗಬಹುದೆಂದು ಅನ್ನಿಸಿದ್ದು ಮಾತ್ರ ತಪ್ಪು. ಕುಕ್ಕರಹಳ್ಳಿ ಕೆರೆಯ ಸೂರ್ಯಾಸ್ತವನ್ನು ಹದಿನಾರು ದಿನ ಎಡೆಬಿಡದೆ ವರ್ಣಿಸಿದ್ದೇನೆ. ಹದಿನೇಳನೆಯ ದಿನ ಮೋಡ ಮುಚ್ಚಿತ್ತೋ, ನನ್ನ ಉಪಮೆಗಳೇ ತೀರಿಹೋಗಿದ್ದವೋ, ಪುಟ ಖಾಲಿ. ಈಗ ಅದನ್ನು ತಿರುವಿದರೆ ವರ್ಣನೆಯ ಅತಿಶಯಕ್ಕೆ ಅಷ್ಟಾಗಿ ನಾಚಿಕೆಯಾಗುವುದಿಲ್ಲ. ಆ ಕಾಲದಲ್ಲಿ ಒಂದೇ ಕೋಣೆಯಲ್ಲಿ ಜೊತೆಗಿದ್ದ ಗೆಳೆಯನ ಹೆಸರು ಒಂದು ಸಲವೂ ಬಂದಿಲ್ಲವಲ್ಲ, ಹಾಸ್ಟೆಲಿನ ಊಟಕ್ಕೆ ತಿಂಗಳಿಗೆ ಎಷ್ಟು ತೆರುತ್ತಿದ್ದೆವೆಂಬುದೂ ಇಲ್ಲವಲ್ಲ ಎಂದು ನಾಚಿಕೆಯಾಗುತ್ತದೆ. ಸೂರ್ಯ ಈಗಲೂ ಅಲ್ಲಿ ಮುಳುಗುತ್ತಾನೆ. ನಮ್ಮ ಆ ಕೋಣೆ ಮಾತ್ರ ಹೋಯಿತು.

ಕಳೆದ ವರ್ಷ ತರಗತಿಯಲ್ಲಿ ಆತ್ಮಕಥನದ ಪಾಠ ಮುಗಿಸಿ ಹೊರಗೆ ಬಂದಾಗ ಒಬ್ಬ ವಿದ್ಯಾರ್ಥಿನಿ ಹಿಂದೆಯೇ ಬಂದಳು. ಜೂನಿನಲ್ಲಿ ತಾನೂ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆಯಲು ತೊಡಗಿದ್ದಾಗಿಯೂ ದಸರಾ ರಜೆಯಲ್ಲಿ ಅದು ನಿಂತುಹೋಯಿತೆಂದೂ ಹೇಳಿ, "ಯಾರೂ ಓದುವುದಿಲ್ಲ ಅಂತ ಗೊತ್ತಿದ್ದೂ ವರ್ಷಗಟ್ಟಲೆ ಬರೆಯುವುದು ಹೇಗೆ ಸರ್?" ಎಂದು ಕೇಳಿದಳು. ಅಧ್ಯಾಪಕನಾದವನಿಗೆ ಉತ್ತರ ಗೊತ್ತಿಲ್ಲದಿದ್ದಾಗ ಉದಾಹರಣೆಗಳು ಗೊತ್ತಿರುತ್ತವೆ. ನಾನು ಸ್ಯಾಮ್ಯುಯೆಲ್ ಪೀಪ್ಸನ ಕಥೆ ಹೇಳಿದೆ.

ಪೀಪ್ಸ್ ೧೬೬೦ನೆಯ ಇಸವಿ ಜನವರಿ ಒಂದರಂದು ದಿನಚರಿಯನ್ನು ಆರಂಭಿಸಿದಾಗ ಅವನಿಗೆ ವಯಸ್ಸು ೨೬. ಲಂಡನ್ನಿನ ಒಬ್ಬ ದರ್ಜಿಯ ಮಗ. ಆಗ ಇನ್ನೂ ಸಣ್ಣ ಗುಮಾಸ್ತೆ. ಅನಂತರ ನೌಕಾದಳದ ಕಚೇರಿಯಲ್ಲಿ ದೊಡ್ಡ ಅಧಿಕಾರಿಯಾದ. ಒಂಬತ್ತು ವರ್ಷಗಳಿಗಿಂತ ಹೆಚ್ಚು ಕಾಲ, ಸುಮಾರು ಹನ್ನೆರಡು ಲಕ್ಷ ಶಬ್ದಗಳಷ್ಟು ಬರೆದ. ಅದೂ ಸಂಕೇತಲಿಪಿಯಲ್ಲಿ, ಹೆಂಡತಿಗಾಗಲಿ ಆಳುಗಳಿಗಾಗಲಿ ತಿಳಿಯದಂತೆ. ಆ ವರ್ಷಗಳಲ್ಲಿಯೇ ಲಂಡನ್ನಿಗೆ ೧೬೬೫ರ ಪ್ಲೇಗು ಬಂದಿತು. ೧೬೬೬ರಲ್ಲಿ ಊರಿಗೆ ಊರೇ ಬೆಂಕಿಗೆ ಆಹುತಿಯಾಯಿತು. ಇತಿಹಾಸಕಾರರು ಆ ಬೆಂಕಿಯ ವರ್ಣನೆಗಾಗಿ ಪೀಪ್ಸನ ಬಳಿಗೆ ಹೋಗುತ್ತಾರೆ. ನಾನು ಹೋಗುವುದು ಗಿಣ್ಣಿಗಾಗಿ. ಬೆಂಕಿ ಬೀದಿಬೀದಿಗೂ ಹಬ್ಬುತ್ತಿರುವಾಗ ಈ ಮಹಾಶಯ ತೋಟದಲ್ಲಿ ಗುಂಡಿ ತೆಗೆದು ತನ್ನ ದ್ರಾಕ್ಷಾಮದ್ಯವನ್ನೂ ಇಟಲಿಯ ಪಾರ್ಮಾ ಸೀಮೆಯ ಗಟ್ಟಿ ಗಿಣ್ಣನ್ನೂ ಹೂಳಿಟ್ಟ. ಹಾಗೆ ಹೂಳಿಟ್ಟುದನ್ನು ಸಂಕೋಚವಿಲ್ಲದೆ ಬರೆದಿಟ್ಟ. ತಾನೊಬ್ಬ ದೊಡ್ಡ ಮನುಷ್ಯನ ಹಾಗೆ ಕಾಣಬೇಕೆಂಬ ಆಸೆ ಅವನಿಗೆ ಕಚೇರಿಯಲ್ಲಿ ಬೇಕಾದಷ್ಟಿತ್ತು. ದಿನಚರಿಯಲ್ಲಿ ಮಾತ್ರ ಇರಲಿಲ್ಲ. ಅಂದು ತಿಂದದ್ದು, ಕೊಂಡದ್ದು, ನೋಡಿದ ನಾಟಕ, ಹೆಂಡತಿಯೊಡನೆ ಆಡಿದ ಜಗಳ, ಮಾಡಿದ ತಪ್ಪು, ಇನ್ನೆಂದೂ ಮಾಡೆನೆಂಬ ಶಪಥ, ಮುಂದಿನ ವಾರ ಮುರಿದ ಶಪಥ, ಎಲ್ಲವೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತಿವೆ.

ಅವನು ಪ್ರತಿರಾತ್ರಿಯೂ ತಪ್ಪದೆ ಬರೆದನೆಂದು ನಾವು ಭಾವಿಸುತ್ತೇವೆ. ಅದು ಹಾಗಲ್ಲ. ಕೆಲಸ ಹೆಚ್ಚಾದಾಗ ಬಿಡಿ ಹಾಳೆಗಳಲ್ಲಿ ಗುರುತು ಮಾಡಿಕೊಂಡು, ಬಿಡುವಾದಾಗ ಹಲವು ದಿನಗಳನ್ನು ಒಟ್ಟಿಗೆ ಪುಸ್ತಕಕ್ಕೆ ಏರಿಸುತ್ತಿದ್ದ. ಬೆಂಕಿಯ ದಿನಗಳ ಬರಹವೂ ಹೀಗೆಯೇ ಆದದ್ದು. ನಿನ್ನೆ ತಪ್ಪಿತೆಂದು ಇವತ್ತನ್ನೂ ಬಿಡುವ ನಮ್ಮ ಹಟ ಅವನಿಗೆ ಇರಲಿಲ್ಲ. ಒಂದು ಏಕಾದಶಿ ತಪ್ಪಿದರೆ ಆ ವರ್ಷದ ಎಲ್ಲ ಏಕಾದಶಿಗಳನ್ನೂ ಬಿಟ್ಟುಬಿಡುವವರ ಮಡಿ ನಮ್ಮದು.

೧೬೬೯ರ ಮೇ ೩೧ರಂದು ಪೀಪ್ಸ್ ಬರೆಯುವುದನ್ನು ನಿಲ್ಲಿಸಿದ. ಕಣ್ಣು ಹೋಗುತ್ತಿದೆ ಎಂದು ಹೆದರಿದ್ದ. ಕಣ್ಣು ಹೋಗಲಿಲ್ಲ, ಮುಂದೆ ೩೪ ವರ್ಷ ಬದುಕಿ ೧೭೦೩ರಲ್ಲಿ ತೀರಿಕೊಂಡ, ಆದರೆ ಅಷ್ಟು ದೊಡ್ಡ ದಿನಚರಿಗೆ ಮತ್ತೆ ಕೈ ಹಾಕಲಿಲ್ಲ. ಅವನು ಬಿಟ್ಟುಹೋದ ಗ್ರಂಥಭಂಡಾರದೊಡನೆ ದಿನಚರಿಯ ಆರು ಸಂಪುಟಗಳೂ ಕೇಂಬ್ರಿಡ್ಜಿನ ಮಾಡ್ಲಿನ್ ಕಾಲೇಜನ್ನು ಸೇರಿ ನೂರು ವರ್ಷ ಸುಮ್ಮನೆ ಕುಳಿತವು. ೧೮೧೯ರಲ್ಲಿ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಗೆ ಅವನ್ನು ಓದಿ ಬಿಡಿಸುವ ಕೆಲಸ ಬಂದಿತು. ಮೂರು ವರ್ಷ ಹಗಲಿರುಳೂ ಕಣ್ಣು ನೋಯಿಸಿಕೊಂಡು ಬಿಡಿಸಿದ. ಆ ಸಂಕೇತಲಿಪಿಯ ಕೀಲಿಕೈಯಾದ ಪುಸ್ತಕ ಅದೇ ಗ್ರಂಥಭಂಡಾರದಲ್ಲಿಯೇ ಇದ್ದುದು ಪಾಪ, ಅವನಿಗೆ ತಿಳಿದಿರಲಿಲ್ಲ. ೧೮೨೫ರಲ್ಲಿ ಅಚ್ಚಾಯಿತು. ಯಾರೂ ಓದಬಾರದೆಂದು ಬರೆದವನಿಗೆ ಓದುಗ ಸಿಕ್ಕಿದ್ದು ನೂರೈವತ್ತು ವರ್ಷದ ಮೇಲೆ.

"ಹಾಗಾದರೆ ನೂರೈವತ್ತು ವರ್ಷ ಕಾಯಬೇಕು" ಎಂದು ಹುಡುಗಿ ನಕ್ಕಳು. ಅವಳ ನಗುವಿನಲ್ಲಿ ನ್ಯಾಯವಿತ್ತು. ಪೀಪ್ಸನ ಕಥೆ ಸೊಗಸಾದುದೇ, ಆದರೆ ಅದು ಅವಳ ಪ್ರಶ್ನೆಗೆ ಉತ್ತರವಲ್ಲ. ಸತ್ತ ಮೇಲೆ ಬರುವ ಕೀರ್ತಿಗಾಗಿ ಯಾರೂ ಇಂದು ರಾತ್ರಿ ಹತ್ತು ಗಂಟೆಗೆ, ಅಡಿಗೆಮನೆಯ ಕೆಲಸ ಮುಗಿಸಿ, ಲೇಖನಿ ಹಿಡಿಯುವುದಿಲ್ಲ.

ನಮ್ಮ ದಕ್ಷಿಣದೇಶದಲ್ಲಿಯೇ ಇನ್ನೂ ದೀರ್ಘವಾದ ಒಂದು ನಿದರ್ಶನವುಂಟು. ಪಾಂಡಿಚೇರಿಯ ಆನಂದರಂಗ ಪಿಳ್ಳೈ ೧೭೩೬ರ ಸೆಪ್ಟೆಂಬರಿನಲ್ಲಿ ತಮಿಳಿನಲ್ಲಿ ದಿನಚರಿ ಬರೆಯತೊಡಗಿ, ೧೭೬೧ರ ಜನವರಿಯಲ್ಲಿ ಸಾಯುವ ಕಾಲದವರೆಗೂ ನಡೆಸಿದರು. ಆ ತಿಂಗಳಲ್ಲಿಯೇ ಪಾಂಡಿಚೇರಿ ಇಂಗ್ಲಿಷರ ವಶವಾಯಿತು. ಡೂಪ್ಲೆಯ ದ್ವಿಭಾಷಿಯಾಗಿದ್ದ ಈ ವರ್ತಕರ ಬರಹದಲ್ಲಿ ಹಡಗು ಬಂದ ವೇಳೆ, ಸರಕಿನ ಧಾರಣೆ, ದೊರೆ ಆಡಿದ ಮಾತು, ಜೋಯಿಸರು ಹೇಳಿದ ಗ್ರಹಫಲ, ಪೇಟೆಯ ವದಂತಿ ಎಲ್ಲವೂ ಇವೆ. ಇಂಗ್ಲಿಷಿಗೆ ಬಂದಾಗ ಅದು ಹನ್ನೆರಡು ಸಂಪುಟಗಳಾಯಿತು. ನನಗೆ ತೋರುವ ಮಟ್ಟಿಗೆ ಪಿಳ್ಳೈಯವರ ಬಲವಿದ್ದುದು ಅವರ ವ್ಯಾಪಾರದಲ್ಲಿ. ಸಂಜೆ ಅಂಗಡಿ ಮುಚ್ಚುವ ಮುನ್ನ ವರ್ತಕ ಖಾತೆ ಬರೆಯಲೇಬೇಕಷ್ಟೆ. ಇಂದು ಸ್ಫೂರ್ತಿ ಬರಲಿಲ್ಲವೆಂದು ಯಾವ ಶೆಟ್ಟರೂ ಲೆಕ್ಕ ಬಿಡುವುದಿಲ್ಲ. ನಾವು ಸಾಹಿತ್ಯ ಓದಿದವರು ಕೆಟ್ಟದ್ದು ಇಲ್ಲಿಯೇ.

ಕೆಟ್ಟವರ ಪೈಕಿ ನನಗೆ ಅತ್ಯಂತ ಸಮೀಪದವನು ಜಿನೀವಾದ ಆಮಿಯೆಲ್. ಅವನೂ ಕಾಲೇಜಿನ ಉಪಾಧ್ಯಾಯ. ಜೀವಮಾನದಲ್ಲಿ ಸುಮಾರು ೧೭,೦೦೦ ಪುಟಗಳ ದಿನಚರಿ ಬರೆದು ೧೮೮೧ರಲ್ಲಿ ತೀರಿಕೊಂಡ. ಅವನಿಂದ ಒಂದು ಮಹಾಗ್ರಂಥ ಬರುವುದೆಂದು ಗೆಳೆಯರು ಕಾದರು. ಅದು ಏಕೆ ಬರುತ್ತಿಲ್ಲವೆಂಬ ವಿಚಾರವನ್ನೇ ಅವನು ದಿನಚರಿಯಲ್ಲಿ ಬರೆಯುತ್ತ ಹೋದ. ಸತ್ತ ಮೇಲೆ ಆಯ್ದ ಭಾಗಗಳು ಅಚ್ಚಾಗಿ, ಆ ಬರಹವೇ ಅವನ ಗ್ರಂಥವೆನಿಸಿತು. ಸಮಾಧಾನದ ಮಾತೇ ಸರಿ. ಆದರೂ ರಾತ್ರಿ ನನ್ನ ಪುಸ್ತಕ ತೆರೆದಾಗ ಆಮಿಯೆಲ್ ನನ್ನ ಬೆನ್ನ ಹಿಂದೆ ನಿಂತಂತೆ ಭಾಸವಾಗಿ ಒಂದೊಂದು ಸಲ ದೀಪ ಆರಿಸಿ ಮಲಗಿದ್ದುಂಟು. ಬಿಟ್ಟುದಕ್ಕೆ ಸಮರ್ಥನೆ ಬೇಕಾದಾಗ ಟಾಲ್‌ಸ್ಟಾಯ್ ಒದಗುತ್ತಾನೆ. ೧೮೪೭ರಿಂದ ೧೯೧೦ರವರೆಗೆ ದಿನಚರಿ ಬರೆದ ಆ ಮಹಾನುಭಾವ ೧೮೬೫ರಿಂದ ೧೮೭೮ರವರೆಗೆ, ಕೆಲವು ಚೂರುಪಾರು ಬಿಟ್ಟರೆ, ಸುಮ್ಮನಿದ್ದ. ಆ ಅವಧಿಯಲ್ಲಿ 'ಯುದ್ಧ ಮತ್ತು ಶಾಂತಿ' ಮುಗಿಯಿತು, 'ಅನ್ನಾ ಕರೆನೀನಾ' ಹುಟ್ಟಿತು. ನನ್ನ ಖಾಲಿ ಪುಟಗಳ ಅವಧಿಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿದಿತ್ತು.

ಕನ್ನಡದಲ್ಲಿ ದಿನಚರಿಯ ಪರಂಪರೆ ತೆಳುವಾದರೂ, ಎದುರಿಗೆ ಓದುಗನಿದ್ದು ದೀರ್ಘಕಾಲ ನಿಯಮದಿಂದ ಬರೆದವರಿಗೆ ಕೊರತೆಯಿಲ್ಲ. ಮಾಸ್ತಿಯವರು ೧೯೪೪ರಿಂದ ೧೯೬೫ರವರೆಗೆ 'ಜೀವನ' ಪತ್ರಿಕೆಯನ್ನು ನಡೆಸಿದರು. ವೈದ್ಯ ವೃತ್ತಿಯ ರಾಶಿಯವರು ರೋಗಿಗಳನ್ನೂ ನೋಡಿಕೊಂಡು ೧೯೪೨ರಿಂದ ೧೯೬೭ರವರೆಗೆ 'ಕೊರವಂಜಿ'ಯಿಂದ ನಾಡನ್ನು ನಗಿಸಿದರು. ಆದರೆ ಪತ್ರಿಕೆಗೆ ಮುದ್ರಣಾಲಯದ ಗಡುವಿದೆ, ಚಂದಾದಾರನ ಕಾಗದವಿದೆ. ಮೇಜಿನ ಒಳಗಣ ಪುಸ್ತಕಕ್ಕೆ ಗಡುವನ್ನು ಹಾಕುವವರು ಯಾರು?

ಇನ್ನು ನಮ್ಮ ಮನೆಯ ಮಾತು ಹೇಳಬೇಕು. ಇಷ್ಟು ಹೊತ್ತು ಲಂಡನ್ನು, ಪಾಂಡಿಚೇರಿ ಎಂದು ಸುತ್ತಿದ್ದು ಇದನ್ನು ಮುಂದೂಡುವುದಕ್ಕೋ ಏನೋ.

ನಮ್ಮ ಅಪ್ಪಯ್ಯ ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರು. ಜೊತೆಗೆ ಎರಡು ಎಕರೆ ಅಡಕೆ ತೋಟ. ೧೯೭೪ನೆಯ ಇಸವಿಯಿಂದ ಅವರು ಪ್ರತಿದಿನ ಬರೆದರು. ಅಡಕೆ ಸೊಸೈಟಿಯವರು ಪ್ರತಿವರ್ಷ ಕೊಡುತ್ತಿದ್ದ ಡೈರಿಯೇ ಅವರ ಪುಸ್ತಕ. ಅಂಗಳದ ತುದಿಯಲ್ಲಿ ಒಂದು ಮಳೆಮಾಪಕ. ಬೆಳಗ್ಗೆ ಎಂಟೂವರೆಗೆ ಅದರ ನೀರನ್ನು ಅಳೆದು, ಮೊದಲ ಸಾಲಿನಲ್ಲಿ ಇಂಚು ಸೆಂಟುಗಳ ಲೆಕ್ಕ. ಎರಡನೆಯ ಸಾಲಿನಲ್ಲಿ ತೋಟದ ಕೆಲಸ: ಕೊಳೆರೋಗಕ್ಕೆ ಔಷಧಿ ಹೊಡೆಸಿದ್ದು, ಮೈಲುತುತ್ತದ ಬೆಲೆ, ಬಂದ ಆಳುಗಳು. ಮೂರನೆಯದರಲ್ಲಿ ಮನೆಗೆ ಬಂದವರು, ಹೋದವರು. ನಾಲ್ಕನೆಯ ಸಾಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಟ್ಟು ೪೯ ಪುಸ್ತಕಗಳು. ಮೈಸೂರಿನಿಂದ ರಜೆಗೆ ಬಂದಿದ್ದಾಗ ಒಮ್ಮೆ, "ಇದರಲ್ಲಿ ನಿಮ್ಮ ಮನಸ್ಸಿನದು ಏನೂ ಇಲ್ಲವಲ್ಲ ಅಪ್ಪಯ್ಯ, ಬರೀ ಮಳೆ ಲೆಕ್ಕ" ಎಂದಿದ್ದೆ. "ಮನಸ್ಸು ದಿನಾ ಇರುತ್ತದೆ ಮಾರಾಯ, ಮಳೆ ದಿನಾ ಬರುವುದಿಲ್ಲ" ಎಂದು ಹೇಳಿ ಅವರು ಕನ್ನಡಕ ಒರೆಸಿಕೊಂಡರು.

ಮಳೆಯ ಲೆಕ್ಕವೆಂದು ನಾನು ಹಗುರವಾಗಿ ಆಡಿದ್ದು ಎಂಥ ಅವಿವೇಕವೆಂಬುದು ಬಹಳ ಕಾಲದ ಮೇಲೆ, ಅಮೆರಿಕದ ಥೋರೋವನ್ನು ಕುರಿತು ಓದುವಾಗ ತಿಳಿಯಿತು. ೧೮೩೭ರಿಂದ ೧೮೬೧ರವರೆಗೆ ದಿನಚರಿ ನಡೆಸಿದ ಥೋರೋ, ಕಾಂಕರ್ಡ್ ಊರಿನ ಸುತ್ತಣ ಯಾವ ಗಿಡ ಯಾವ ದಿನ ಮೊದಲ ಹೂ ಬಿಟ್ಟಿತೆಂಬುದನ್ನು ೧೮೫೦ರ ದಶಕದಲ್ಲಿ ವರ್ಷವರ್ಷವೂ ಗುರುತಿಸಿಟ್ಟ. ಅವನ ತತ್ತ್ವವಿಚಾರಗಳ ನಡುವೆ ಒಣ ಪಟ್ಟಿಯಂತೆ ಕಂಡ ಆ ತಾರೀಖುಗಳನ್ನು, ಒಂದೂವರೆ ಶತಮಾನದ ಮೇಲೆ, ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಅವರ ಸಂಗಡಿಗರು ಹಿಡಿದುಕೊಂಡು ಅದೇ ಕಾಡುಗಳಲ್ಲಿ ಅಲೆದರು. ಅಲ್ಲಿಯ ಗಿಡಗಳು ಥೋರೋ ಕಂಡ ಕಾಲಕ್ಕಿಂತ ಸರಾಸರಿ ಒಂದು ವಾರ ಮುಂಚಿತವಾಗಿ ಹೂಬಿಡುತ್ತಿವೆಯೆಂದು ೨೦೦೮ರಲ್ಲಿ ಪ್ರಕಟಿಸಿದರು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಒಬ್ಬ ಒಂಟಿ ಮನುಷ್ಯನ ದಿನಚರಿ ಸಾಕ್ಷಿ ನುಡಿಯಿತು. ಅಂಥದೇನೂ ಅಪ್ಪಯ್ಯನ ತಲೆಯಲ್ಲಿರಲಿಲ್ಲ. ಆರಿದ್ರಾ ಮಳೆ ಹೋದ ವರ್ಷಕ್ಕಿಂತ ಕಡಮೆಯೋ ಹೆಚ್ಚೋ ಎಂದು ಜಗಲಿಯಲ್ಲಿ ವಾದ ಬಿದ್ದರೆ, ಪುಸ್ತಕ ತೆಗೆದು ತೋರಿಸುವುದು ಅವರಿಗೆ ಇಷ್ಟವಾಗಿತ್ತು, ಅಷ್ಟೆ.

೨೦೧೨ರ ಮಳೆಗಾಲದಲ್ಲಿ ನಮ್ಮ ಅಮ್ಮನಿಗೆ ಕಾಯಿಲೆ ಎಂದು ತಿಳಿಯಿತು. ಹೊಟ್ಟೆಯಲ್ಲಿ ಗಡ್ಡೆ. ಶಿವಮೊಗ್ಗದ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಮೇಲೆ, ಮನೆಯಲ್ಲಿಯೇ ಇರುತ್ತೇನೆಂದು ಅಮ್ಮ ಹೇಳಿದರು. ನಾನು ಆಗ ಕೆಲಸದಲ್ಲಿದ್ದು ಶನಿವಾರ ಹೋಗಿ ಭಾನುವಾರ ಸಂಜೆ ಮರಳುತ್ತಿದ್ದೆ. ಆ ವೇಳೆಗೆ ನನ್ನ ದಿನಚರಿಯ ಅಭ್ಯಾಸ ತಕ್ಕಮಟ್ಟಿಗೆ ಕುದುರಿತ್ತು. ಆದರೆ ಆ ಜುಲೈ ತಿಂಗಳಿಂದ ಮುಂದಿನ ಮೇ ತಿಂಗಳವರೆಗೆ ನನ್ನ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ. ಆಗ ಅದಕ್ಕೆ ನಾನು ಕೊಟ್ಟುಕೊಂಡ ಕಾರಣ ಬಹು ಘನವಾದುದು: ಇಂಥ ದುಃಖಕ್ಕೆ ತಕ್ಕ ಮಾತು ನನ್ನಲ್ಲಿಲ್ಲ; ತಕ್ಕುದಲ್ಲದ ಮಾತನ್ನು ಬರೆಯಬಾರದು. ಅಮ್ಮ ೨೦೧೩ರ ಫೆಬ್ರವರಿಯಲ್ಲಿ ಹೋದರು.

ಅಪ್ಪಯ್ಯನ ಆ ಎರಡು ವರ್ಷಗಳ ಪುಸ್ತಕಗಳನ್ನು ನಾನು ತೆರೆದು ನೋಡಿದ್ದು ಅವರೂ ತೀರಿಕೊಂಡ ಮೇಲೆ, ೨೦೨೨ರಲ್ಲಿ. ಎಲ್ಲ ದಿನಗಳೂ ಇವೆ. 'ಮಳೆ ೧ ಇಂಚು ೬೦ ಸೆಂಟು. ಕೊನೆಗಾರ ಬರಲಿಲ್ಲ. ಇವಳಿಗೆ ರಾತ್ರಿ ನಿದ್ದೆ ಬಂತು.' 'ಮಳೆ ಇಲ್ಲ. ಗಂಜಿ ಎರಡು ಸೌಟು.' 'ಮಳೆ ಇಲ್ಲ. ಇವಳು ಸಂಪಿಗೆ ಹೂ ಕೇಳಿದಳು. ನಮ್ಮ ಮರದಲ್ಲಿ ಇರಲಿಲ್ಲ, ಆಚೆಮನೆಯಿಂದ ತಂದುಕೊಟ್ಟೆ.' ಅಮ್ಮನ ಹೆಸರು ಎಲ್ಲಿಯೂ ಇಲ್ಲ, ಉದ್ದಕ್ಕೂ 'ಇವಳು'. ಕೊನೆಯ ದಿನ ಹೀಗಿದೆ: 'ಮಳೆ ಇಲ್ಲ. ಬೆಳಗಿನ ಜಾವ ೪ ಗಂಟೆ ೧೦ ನಿಮಿಷಕ್ಕೆ ಇವಳು ಹೋದಳು. ಸಂಜೆ ಗೌರಿ ಕರು ಹಾಕಿತು, ಹೆಣ್ಣು.'

ಇವುಗಳ ನಡುವೆ, ೨೦೧೨ರ ನವೆಂಬರಿನ ಒಂದು ಭಾನುವಾರದ ಪುಟದಲ್ಲಿ, ಒಂದು ಸಾಲಿದೆ: 'ಮಗ ಬಂದಿದ್ದ. ಇವಳು ಅವನಿಗೆ ಹಳೆಯ ಹಾಡು ಹೇಳಿದಳು, ಪೂರ್ತಿ.'

ಆ ಸಾಲನ್ನು ಓದಿ ನಾನು ಬಹಳ ಹೊತ್ತು ಕುಳಿತಿದ್ದೆ. ನನಗೆ ನೆನಪಿಲ್ಲ. ಅಮ್ಮ ಮಲಗಿದ್ದ ಕೋಣೆ ನೆನಪಿದೆ, ಕಿಟಕಿಯ ಮೇಲೆ ಇಟ್ಟಿದ್ದ ಔಷಧಿಯ ಬಾಟಲಿಗಳು ನೆನಪಿವೆ. ಹಾಡು ನೆನಪಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಮದುವೆಯ ಹಾಡು, ಆರತಿಯ ಹಾಡು, ಬೀಸುವ ಹಾಡು ಎಂದು ಎಷ್ಟೋ ಬರುತ್ತಿದ್ದವು, ಅಮ್ಮನಿಗೂ ಬರುತ್ತಿದ್ದವು. ಯಾವುದನ್ನು ಹೇಳಿದರು? ಆ ಸ್ಥಿತಿಯಲ್ಲಿ 'ಪೂರ್ತಿ' ಹೇಳಬೇಕೆಂದು ಅವರಿಗೆ ಏಕೆ ಅನ್ನಿಸಿತು? ಅಪ್ಪಯ್ಯ ಹಾಡಿನ ಹೆಸರನ್ನು ಬರೆದಿಲ್ಲ. ಅದು ಅವರ ಕೆಲಸವೂ ಆಗಿರಲಿಲ್ಲ. ಹಾಡನ್ನು ಕೇಳಿದವನು ನಾನು, ಎಂ.ಎ. ತರಗತಿಯಲ್ಲಿ ಜಾನಪದವನ್ನು ವಿಶೇಷ ವಿಷಯವಾಗಿ ಓದಿದವನೂ ನಾನು. ಆ ರಾತ್ರಿ 'ಅಮ್ಮ ಇಂಥ ಹಾಡು ಹೇಳಿದರು' ಎಂದು ಮೂರು ಮಾತು ಬರೆದುಕೊಳ್ಳಲು ಘನವಾದ ಯಾವ ಭಾಷೆಯೂ ಬೇಕಾಗಿರಲಿಲ್ಲ. ಚಿಕ್ಕಮ್ಮನನ್ನು ಕೇಳಿದೆ, ಅವರು ತಮಗೆ ತಿಳಿದ ಏಳೆಂಟು ಹಾಡುಗಳನ್ನು ಹೇಳಿದರು. ಯಾವುದನ್ನು ಕೇಳಿದಾಗಲೂ ಇದೇ ಇರಬಹುದು ಅನ್ನಿಸಿತು.

ವಿದ್ಯಾರ್ಥಿನಿಗೆ ಇದನ್ನೆಲ್ಲ ಹೇಳಲಿಲ್ಲ. ಮುಂದಿನ ವಾರ ಅವಳು ಮತ್ತೆ ಸಿಕ್ಕಾಗ, ತಾರೀಖು ಅಚ್ಚಾದ ಪುಸ್ತಕ ಬೇಡ, ಅದರ ಖಾಲಿ ಪುಟಗಳು ಸಾಲಗಾರರಂತೆ ಬಾಗಿಲಲ್ಲಿ ನಿಲ್ಲುತ್ತವೆ. ಸಾದಾ ನೋಟ್‌ಬುಕ್ಕಿನಲ್ಲಿ ತಾರೀಖನ್ನು ನೀನೇ ಹಾಕಿಕೊ. ನಾಲ್ಕು ಸಾಲಿಗಿಂತ ಹೆಚ್ಚು ಬರೆಯಬೇಡ. ಬೇಸರ ಬಂದ ದಿನ ತಿಂದದ್ದನ್ನೂ ಬಂದವರನ್ನೂ ಬರೆ ಎಂದೆ. ದಸರೆಯಲ್ಲಿ ನಿಂತುದನ್ನು ಏನು ಮಾಡಲಿ ಎಂದಳು. ಅಲ್ಲಿ ಒಂದು ಗೆರೆ ಎಳೆದು ಕೆಳಗೆ ಇವತ್ತಿನ ತಾರೀಖು ಬರೆ ಎಂದೆ. ಉಪಾಧ್ಯಾಯರು ಇಷ್ಟು ಸಣ್ಣ ಮಾತನ್ನು ಹೇಳಬಹುದೆಂದು ಅವಳು ನಿರೀಕ್ಷಿಸಿರಲಿಲ್ಲವೆಂದು ತೋರುತ್ತದೆ, ಆದರೂ ತಲೆಯಾಡಿಸಿದಳು. ಈಗಲೂ ಬರೆಯುತ್ತಿದ್ದಾಳೆಯೋ ಇಲ್ಲವೋ, ನಾನು ಕೇಳಿಲ್ಲ. ಅದು ಕೇಳುವ ಪ್ರಶ್ನೆಯಲ್ಲ.

ಅಪ್ಪಯ್ಯ ಹೋದದ್ದು ೨೦೨೨ರ ಜುಲೈಯಲ್ಲಿ, ಪುನರ್ವಸು ಮಳೆಯ ನಡುವೆ. ಹಿಂದಿನ ದಿನದ ಪುಟದಲ್ಲಿ ಅಕ್ಷರ ಸ್ವಲ್ಪ ನಡುಗಿದೆ; ಲೆಕ್ಕ ಸರಿಯಾಗಿದೆ. ಸಂಸ್ಕಾರ ಮುಗಿಸಿ, ಮರುದಿನ ಬೆಳಗ್ಗೆ ಅಂಗಳಕ್ಕೆ ಬಂದಾಗ ಮಳೆಮಾಪಕ ತುಂಬಿ ಹೊರಚೆಲ್ಲುತ್ತಿತ್ತು. ಎರಡು ದಿನದಿಂದ ಅದನ್ನು ಯಾರೂ ಬರಿದುಮಾಡಿರಲಿಲ್ಲ. ತಮ್ಮ ಅಳತೆಯ ಗಾಜನ್ನು ತಂದು ಸುಮ್ಮನೆ ನನ್ನ ಕೈಗೆ ಕೊಟ್ಟ. ಎಷ್ಟು ಚೆಲ್ಲಿಹೋಗಿತ್ತೋ ತಿಳಿಯದು; ಇದ್ದುದನ್ನು ಅಳೆದೆ. ಸೊಸೈಟಿಯ ಡೈರಿಯಲ್ಲಿ ಅವರ ಕೊನೆಯ ಬರಹದ ಮುಂದಿನ ಪುಟವನ್ನು ಬಿಟ್ಟು, ಅದರ ಮುಂದಿನದರಲ್ಲಿ ಬರೆದೆ: 'ಎರಡು ದಿನದ್ದು ಸೇರಿ, ೭ ಇಂಚಿಗೆ ಮೇಲೆ.'

ಈಗ ಮನೆಯಲ್ಲಿರುವವನು ತಮ್ಮ. ಮಳೆಗಾಲದಲ್ಲಿ ಬೆಳಗ್ಗೆ ಅವನು ಫೋನಿನಲ್ಲಿ ಅಂಕಿಯನ್ನು ಹೇಳುತ್ತಾನೆ. ನಾನು ನನ್ನ ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಕೆಲವು ದಿನ ಅವನು ಮರೆಯುತ್ತಾನೆ, ಕೆಲವು ದಿನ ನಾನು ಮರೆಯುತ್ತೇನೆ. ನೆನಪಾದ ದಿನ ಹಿಂದಿನದನ್ನೂ ಕೇಳಿ ಹಾಕಿಕೊಳ್ಳುತ್ತೇನೆ. ಉಳಿದ ಮೂರು ಸಾಲು ರಾತ್ರಿಗೆ.